ನಿರುದ್ಯೋಗ ವಿಮಾ ಕ್ಲೇಮುಗಳ ಅಂದಾಜು

ನಿರುದ್ಯೋಗ ವಿಮಾ ಕ್ಲೇಮುಗಳ ಅಂದಾಜು ಎಂದರೆ ಆರ್ಥಿಕ ಕುಸಿತ, ಸಾಂಕ್ರಾಮಿಕ ರೋಗ ಮೊದಲಾದ ಕಾರಣಗಳಿಂದ ಬಹುಸಂಖ್ಯೆಯ ಕಾರ್ಮಿಕರು ಒಮ್ಮೆಲೇ ಕೆಲಸ ಕಳೆದುಕೊಂಡಾಗ, ಯಾವ ಪ್ರದೇಶದಿಂದ ಎಷ್ಟು ಪರಿಹಾರದ ಅರ್ಜಿಗಳು ಬರಬಹುದೆಂದು ಮುಂಚಿತವಾಗಿ ಲೆಕ್ಕಹಾಕುವ ಕ್ರಮ. ಹಣವನ್ನೂ ಸಿಬ್ಬಂದಿಯನ್ನೂ ಸಕಾಲದಲ್ಲಿ ಒದಗಿಸಲು ಇದು ನೆರವಾಗುತ್ತದೆ. ಅಮೆರಿಕದಲ್ಲಿ ಇಂತಹ ಅರ್ಜಿಗಳ ಸಂಖ್ಯೆಯನ್ನು ವಾರಕ್ಕೊಮ್ಮೆ ಪ್ರಕಟಿಸಲಾಗುತ್ತದೆ. ಮೂರು ಲಕ್ಷದೊಳಗಿದ್ದ ಈ ಸಂಖ್ಯೆ 2020ರ ಮಾರ್ಚ್ 21ಕ್ಕೆ ಕೊನೆಗೊಂಡ ವಾರದಲ್ಲಿ 30 ಲಕ್ಷವನ್ನು ಮೀರಿತು.

ಭಾರತದಲ್ಲಿನ ವ್ಯವಸ್ಥೆ

ನೌಕರರ ರಾಜ್ಯ ವಿಮಾ ನಿಗಮವು (ಇಎಸ್‌ಐಸಿ) 2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯನ್ನು ಜಾರಿಗೆ ತಂದಿತು. ಕೆಲಸ ಕಳೆದುಕೊಂಡ ವಿಮಾದಾರರಿಗೆ ಸರಾಸರಿ ದಿನಗೂಲಿಯ ಶೇ. 25ರಷ್ಟನ್ನು, ಜೀವಮಾನದಲ್ಲಿ ಗರಿಷ್ಠ 90 ದಿನಗಳವರೆಗೆ ನೀಡುವುದು ಇದರ ಮೂಲ ಸ್ವರೂಪ. ಕೋವಿಡ್ ಲಾಕ್‌ಡೌನ್ ನಂತರ, 2020ರ ಆಗಸ್ಟ್‌ನಲ್ಲಿ ನಿಯಮಗಳನ್ನು ಸಡಿಲಿಸಲಾಯಿತು. ಆ ವರ್ಷದ ಮಾರ್ಚ್ 24ರಿಂದ ಡಿಸೆಂಬರ್ 31ರ ನಡುವೆ ಕೆಲಸ ಕಳೆದುಕೊಂಡವರಿಗೆ ಪರಿಹಾರವು ಶೇ. 50ಕ್ಕೆ ಏರಿತು, ಕಾಯುವ ಅವಧಿ 90 ದಿನಗಳಿಂದ 30 ದಿನಗಳಿಗೆ ಇಳಿಯಿತು, ಮಾಲೀಕರ ಮೂಲಕವಲ್ಲದೆ ನೇರವಾಗಿ ಶಾಖಾ ಕಚೇರಿಗೆ ಅರ್ಜಿ ಸಲ್ಲಿಸಲು ಅವಕಾಶವಾಯಿತು.

ಅಂದಾಜಿನ ಹಂತಗಳು

ನಿರುದ್ಯೋಗಿಗಳ ಸಂಖ್ಯೆಯೇ ಕ್ಲೇಮುಗಳ ಸಂಖ್ಯೆಯಲ್ಲ. ಆದ್ದರಿಂದ ಲೆಕ್ಕವು ಹಂತಹಂತವಾಗಿ ಕಿರಿದಾಗುತ್ತ ಹೋಗಬೇಕಾಗುತ್ತದೆ:

1. ಕೆಲಸ ಕಳೆದುಕೊಂಡವರಲ್ಲಿ ಇಎಸ್‌ಐ ವಿಮೆ ಹೊಂದಿದ್ದವರು (2017ರಿಂದ ತಿಂಗಳಿಗೆ ₹21,000ದ ವೇತನ ಮಿತಿಯಿತ್ತು).
2. ಅವರಲ್ಲಿ ಕನಿಷ್ಠ ಎರಡು ವರ್ಷ ವಿಮಾ ವ್ಯಾಪ್ತಿಯಲ್ಲಿ ದುಡಿದವರು. 2020ರ ಸಡಿಲಿಕೆಯಂತೆ, ನಿರುದ್ಯೋಗಕ್ಕೆ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನ ಹಾಗೂ ಉಳಿದ ಮೂರು ಅವಧಿಗಳಲ್ಲೊಂದರಲ್ಲಿ 78 ದಿನ ವಂತಿಗೆ ಸಂದಾಯವಾಗಿರಬೇಕಿತ್ತು.
3. ದುರ್ನಡತೆಯ ಕಾರಣ ವಜಾಗೊಂಡವರು, ನಿವೃತ್ತರು ಮತ್ತು ಸೌಲಭ್ಯವನ್ನು ಈಗಾಗಲೇ ಪೂರ್ತಿಯಾಗಿ ಪಡೆದವರನ್ನು ಹೊರತುಪಡಿಸಿ ಉಳಿದವರು.
4. ಅವರಲ್ಲಿ ಯೋಜನೆಯನ್ನು ತಿಳಿದು ಅರ್ಜಿ ಸಲ್ಲಿಸುವವರು.

ಪ್ರಾದೇಶಿಕ ವ್ಯತ್ಯಾಸ

ಪ್ರದೇಶವಾರು ಲೆಕ್ಕದಲ್ಲಿ ದುಡಿಯುವ ಊರು ಮತ್ತು ವಾಸದ ಊರು ಬೇರೆಯಾಗಿರುವುದು ಮುಖ್ಯ ತೊಡಕು. ಉದಾಹರಣೆಗೆ, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವರು ಅರಸೀಕೆರೆಗೋ ಹಳೇಬೀಡು ಸಮೀಪದ ಹುಲಿಕೆರೆಗೋ ಮರಳಿದರೆ, ಉದ್ಯೋಗನಷ್ಟವು ಬೆಂಗಳೂರಿನದು, ಸಂಕಷ್ಟವು ಹಾಸನ ಜಿಲ್ಲೆಯದು. ಬೇಲೂರು ಭಾಗದ ಕಾಫಿ ತೋಟಗಳ ಹಾಗೂ ಹೊಲಗದ್ದೆಗಳ ಕೂಲಿಕಾರರಾದರೋ ಸಾಮಾನ್ಯವಾಗಿ ಈ ವಿಮೆಯ ಹೊರಗೇ ಉಳಿದವರು. ಗ್ರಾಮಾಂತರದಲ್ಲಿ 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಸಲ್ಲಿಕೆಯಾದ ಕೆಲಸದ ಬೇಡಿಕೆಯು ಅವರ ಸ್ಥಿತಿಗೆ ಹೆಚ್ಚು ಹತ್ತಿರದ ಸೂಚಕವಾಗಿತ್ತು.

ಮಿತಿಗಳು

ಒಂದು ತಾಲ್ಲೂಕಿನಿಂದ ಕಡಿಮೆ ಕ್ಲೇಮುಗಳು ಬಂದರೆ ಅಲ್ಲಿ ನಿರುದ್ಯೋಗ ಕಡಿಮೆಯೆಂದು ಅರ್ಥವಲ್ಲ. ವಿಮೆಯ ವ್ಯಾಪ್ತಿಯೇ ಅಲ್ಲಿ ಕಿರಿದಾಗಿರಬಹುದು. ಕ್ಲೇಮುಗಳ ಸಂಖ್ಯೆಯೊಂದನ್ನೇ ನೆಚ್ಚಿ ನೆರವನ್ನು ಹಂಚಿದರೆ, ವಿಮೆಯಿಲ್ಲದ ಕಾರ್ಮಿಕರು ಲೆಕ್ಕದಿಂದಲೂ ನೆರವಿನಿಂದಲೂ ಹೊರಗುಳಿಯುತ್ತಾರೆ.