ನಾಲ್ಕು ಬಣ್ಣದ ಮರದ ತುಂಡು

ಎಪಿಸೋಡಿನಲ್ಲಿ ನ್ಯೂ ಲ್ಯಾನಾರ್ಕ್ ಬಗ್ಗೆ ಎರಡೇ ನಿಮಿಷ ಮಾತಾಡಿ ಮುಂದೆ ಹೋಗಿಬಿಟ್ಟೆ. ಆ ಮರದ ತುಂಡಿನ ಕಥೆ ಪೂರ್ತಿ ಹೇಳಿ ಅಂತ ಕೆಲವರು ಕೇಳಿದ್ದೀರಿ. ನಿಮ್ಮ ಕೈಕೆಳಗೆ ಹದಿನಾರು-ಹದಿನೇಳರ ಹುಡುಗರು ಕೆಲಸ ಮಾಡ್ತಿದ್ದರೆ ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನ್ಯೂ ಲ್ಯಾನಾರ್ಕ್ ಇರೋದು ಸ್ಕಾಟ್ಲೆಂಡಿನಲ್ಲಿ, ಕ್ಲೈಡ್ ನದಿಯ ದಂಡೆಯ ಮೇಲೆ. ನದಿಯ ರಭಸದಿಂದಲೇ ಓಡುತ್ತಿದ್ದ ಹತ್ತಿ ನೂಲಿನ ಗಿರಣಿಗಳು, ಪಕ್ಕದಲ್ಲೇ ಕಾರ್ಮಿಕರ ಊರು. 1800ರಲ್ಲಿ ಇದರ ಆಡಳಿತ ರಾಬರ್ಟ್ ಓವೆನ್ ಕೈಗೆ ಬಂತು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ವೇಲ್ಸಿನ ಈ ಮನುಷ್ಯ ಹತ್ತನೇ ವಯಸ್ಸಿಗೇ ಮನೆ ಬಿಟ್ಟು ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿತವನು. ಹಾಗಾಗಿ ಮಕ್ಕಳ ದುಡಿಮೆ ಅಂದರೇನು ಅಂತ ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಗಿರಣಿಯಲ್ಲಿ ಆಗ ನೂರಾರು ಮಕ್ಕಳಿದ್ದರು. ಬಹಳಷ್ಟು ಜನ ಎಡಿನ್‌ಬರೋ, ಗ್ಲಾಸ್ಗೋಗಳ ಅನಾಥಾಲಯಗಳಿಂದ ಬಂದವರು. ಬೇರೆ ಗಿರಣಿಗಳಲ್ಲಿ ಅಂಥವರನ್ನು ಎಚ್ಚರವಾಗಿಡೋಕೆ ಮೇಸ್ತ್ರಿಯ ಬೆಲ್ಟು ಇತ್ತು. ಓವೆನ್ ಹೊಡೆಯೋದನ್ನು ನಿಲ್ಲಿಸಿದ. ಸರಿ, ಹೊಡೆಯದೆ ಕೆಲಸ ತೆಗೆಯೋದು ಹೇಗೆ?

ಅವನು ಕಂಡುಕೊಂಡದ್ದು ಎರಡು ಇಂಚು ಉದ್ದದ ಒಂದು ಮರದ ತುಂಡು. ನಾಲ್ಕು ಮುಖ, ನಾಲ್ಕು ಬಣ್ಣ. ಕಪ್ಪು ಅಂದರೆ ಕೆಟ್ಟದು, ನೀಲಿ ಅಂದರೆ ಅಷ್ಟಕ್ಕಷ್ಟೆ, ಹಳದಿ ಅಂದರೆ ಒಳ್ಳೆಯದು, ಬಿಳಿ ಅಂದರೆ ಅತ್ಯುತ್ತಮ. ಪ್ರತಿಯೊಬ್ಬರು ಕೆಲಸ ಮಾಡೋ ಜಾಗದ ಹತ್ತಿರ ಇದನ್ನು ನೇತುಹಾಕಿ, ಹಿಂದಿನ ದಿನದ ನಡತೆಯ ಬಣ್ಣವನ್ನು ಮುಂದಕ್ಕೆ ತಿರುಗಿಸಿಡುತ್ತಿದ್ದರು. ಇದಕ್ಕೆ ಅವನು ಇಟ್ಟ ಹೆಸರು ‘ಸೈಲೆಂಟ್ ಮಾನಿಟರ್’. ನಮ್ಮ ಶಾಲೆಯ ಮಾನಿಟರ್ ಮಾತಾಡಿದವರ ಹೆಸರನ್ನು ಬೋರ್ಡ್ ಮೇಲೆ ಬರೀತಿದ್ದ ನೋಡಿ, ಹೆಚ್ಚುಕಮ್ಮಿ ಅದೇ. ಆದರೆ ಇದು ಚಾಡಿ ಹೇಳುವುದಿಲ್ಲ. ಓವೆನ್ ಗಿರಣಿಯೊಳಗೆ ನಡೆದು ಹೋಗುವಾಗ ಬಣ್ಣ ನೋಡುತ್ತಿದ್ದ, ಆಮೇಲೆ ಆ ವ್ಯಕ್ತಿಯ ಮುಖ ನೋಡುತ್ತಿದ್ದ, ಏನೂ ಅನ್ನದೆ ಮುಂದೆ ಹೋಗುತ್ತಿದ್ದ. ಮೊದಮೊದಲು ಕಪ್ಪೇ ಜಾಸ್ತಿ ಇತ್ತು, ಬರ್ತಾ ಬರ್ತಾ ಹಳದಿ, ಬಿಳಿ ಹೆಚ್ಚಾಯಿತು ಅಂತ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ನನ್ನಂಥ ಡೇಟಾ ಸೈಂಟಿಸ್ಟ್‌ಗೆ ಇದನ್ನು ಓದಿದಾಗ ಬಾಯಲ್ಲಿ ನೀರೂರುತ್ತೆ. 1800ರ ಹೊತ್ತಿನ ಡ್ಯಾಶ್‌ಬೋರ್ಡ್! ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲೂ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ನಾನೂ ಮೊದಲು ಕೇಳಿದ್ದು ಇಷ್ಟನ್ನೇ.

ಮಾಸ್ಟರ್ಸ್ ಮಾಡೋವಾಗ ಸಂಜೆ ಹೊತ್ತು ಒಂದು ಕಾಫಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಆರೇ ತಿಂಗಳಿಗೆ ಶಿಫ್ಟ್ ಜವಾಬ್ದಾರಿಯೂ ಬಂತು. ಕೈಕೆಳಗೆ ಮೂವರು, ಎಲ್ಲರಿಗೂ ಹದಿನೇಳರ ಆಸುಪಾಸು. ಸ್ಟಾಫ್ ರೂಮಿನ ಗೋಡೆಗೆ ಹಸಿರು-ಹಳದಿ-ಕೆಂಪು ಎಕ್ಸೆಲ್ ಶೀಟ್ ಅಂಟಿಸಿದೆ. ಲೇಟಾಗಿ ಬಂದದ್ದು, ಬಿಲ್ಲಿಂಗ್ ತಪ್ಪಿದ್ದು ಎಲ್ಲ ಕೂಡಿಸಿ ತಿಂಗಳ ಲೆಕ್ಕ. ಇಬ್ಬರು ಹುರುಪಾದರು. ಮೂರನೆಯ ಹುಡುಗಿ ಎರಡನೇ ವಾರಕ್ಕೇ ಕೆಂಪಿಗಿಳಿದಳು. ತಿಂಗಳ ಮೊತ್ತ ಆದ್ದರಿಂದ ಇನ್ನು ಎಷ್ಟು ಚೆನ್ನಾಗಿ ಮಾಡಿದರೂ ಮೇಲೆ ಬರೋ ಹಾಗಿರಲಿಲ್ಲ. ಒಂದು ದಿನ ‘ಇನ್ನು ಬರಲ್ಲ’ ಅಂತ ಮೆಸೇಜ್ ಹಾಕಿದಳು. ಈಗಿನ ಹುಡುಗರೇ ಹೀಗೆ ಅಂದುಕೊಂಡು ಹೊಸಬರನ್ನು ಹುಡುಕಿದೆ.

ಓವೆನ್ನನ್ನು ಸರಿಯಾಗಿ ಓದಿದ್ದು ಅದೆಷ್ಟೋ ವರ್ಷಗಳ ನಂತರ. ಅವನ ಮರದ ತುಂಡಿಗೆ ನೆನಪಿದ್ದದ್ದು ಒಂದೇ ದಿನದ್ದು. ನಿತ್ಯದ ಅಂಕ ಪುಸ್ತಕದಲ್ಲಿ ದಾಖಲಾಗುತ್ತಿತ್ತು ನಿಜ, ಆದರೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದದ್ದು ನಿನ್ನೆಯದು ಮಾತ್ರ, ನಾಳೆ ಬೇರೆ ಬಣ್ಣ ಬರಬಹುದು. ಅಂಕ ಪುಸ್ತಕಕ್ಕೆ ಏರುವ ಮುಂಚೆ ಅನ್ಯಾಯ ಅನ್ನಿಸಿದವರು ನೇರ ಓವೆನ್ ಹತ್ತಿರ ಹೋಗಿ ದೂರಬಹುದಿತ್ತು. ಇನ್ನೊಂದು ವಿಷಯ ನನಗೆ ಚುಚ್ಚಿತು: ಬಣ್ಣ ತಿರುಗಿಸುತ್ತಿದ್ದ ಮೇಲ್ವಿಚಾರಕರಿಗೂ ಒಂದೊಂದು ತುಂಡು ಇತ್ತು, ಅದನ್ನು ಅವರ ಮೇಲಿನವನು ತಿರುಗಿಸುತ್ತಿದ್ದ. ನನ್ನ ಶೀಟಿನಲ್ಲಿ ನನ್ನ ಹೆಸರೇ ಇರಲಿಲ್ಲ.

ಇಷ್ಟಾದರೂ ಗೆದ್ದದ್ದು ಬಣ್ಣವೇ ಅಂತ ನಾನು ಒಪ್ಪಲ್ಲ. ಅಮೆರಿಕ ಹತ್ತಿಯ ರಫ್ತು ನಿಲ್ಲಿಸಿ ಗಿರಣಿ ನಿಂತಾಗ ಓವೆನ್ ನಾಲ್ಕು ತಿಂಗಳು ಎಲ್ಲರಿಗೂ ಪೂರ್ತಿ ಸಂಬಳ ಕೊಟ್ಟ. ಖರ್ಚು 7,000 ಪೌಂಡಿಗೂ ಮೇಲೆ. ಜನ ತನ್ನನ್ನು ನಂಬಿದ್ದು ಆಗ ಅಂತ ಅವನೇ ಹೇಳಿದ್ದಾನೆ. ಅನಾಥಾಲಯದಿಂದ ಮಕ್ಕಳನ್ನು ತರೋದನ್ನು ಬಿಟ್ಟ, ಹತ್ತು ವರ್ಷಕ್ಕಿಂತ ಚಿಕ್ಕವರನ್ನು ಕೆಲಸಕ್ಕೆ ಸೇರಿಸಲಿಲ್ಲ, 1816ರ ಜನವರಿ 1ರಂದು ಊರಿನ ಮಕ್ಕಳಿಗೂ ದೊಡ್ಡವರಿಗೂ ಕಲಿಕೆಯ ಕಟ್ಟಡವನ್ನೇ ತೆರೆದ. ದುಡಿಮೆ ಆಗಲೂ ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚೇ ಇತ್ತು. ಅವನನ್ನು ದೇವರು ಮಾಡೋದು ಬೇಡ. 1819ರಲ್ಲಿ ಬ್ರಿಟಿಷ್ ಸಂಸತ್ತು ಮಾಡಿದ ಕಾನೂನಂತೂ ಹತ್ತಿ ಗಿರಣಿಗಳಲ್ಲಿ ಒಂಬತ್ತರಿಂದ ಹದಿನಾರರ ಮಕ್ಕಳಿಗೆ ದಿನಕ್ಕೆ 12 ಗಂಟೆ ಕೆಲಸ ಕೊಡಬಹುದು ಅಂದಿತು. ಅದನ್ನು ನೋಡಿಕೊಳ್ಳೋಕೆ ಇನ್‌ಸ್ಪೆಕ್ಟರುಗಳು ಬಂದದ್ದು 1833ರ ಕಾನೂನಿನ ನಂತರ.

ಈ ಎಪಿಸೋಡಿಗೆ ತಯಾರಿ ನಡೆಸುವಾಗ ಆ ಹಳೇ ಶೀಟ್ ಹುಡುಕಿದೆ, ಡ್ರೈವ್‌ನಲ್ಲಿ ಇನ್ನೂ ಇತ್ತು. ಅವಳ ಸಾಲಿನಲ್ಲಿ ಲೇಟ್ ಅಂತ ಗುರುತು ಹಾಕಿದ್ದು ಐದು ಸಲ. ಕೆಲಸದ ಚಾಳಿ, ವಾರದ ದಿನದ ಪ್ರಕಾರ ವಿಂಗಡಿಸಿದೆ. ಐದೂ ಶುಕ್ರವಾರ. ಶುಕ್ರವಾರ ಅವಳು ಕಾಲೇಜಿನಿಂದ ನೇರ ಬಸ್ಸಿನಲ್ಲಿ ಬರುತ್ತಿದ್ದಳು, ಅದು ನನಗೆ ಗೊತ್ತಿತ್ತು. ಶಿಫ್ಟನ್ನು ಅರ್ಧ ಗಂಟೆ ಮುಂದೂಡೋದು ನನ್ನ ಕೈಯಲ್ಲೇ ಇತ್ತು.