ಸಂಬಳ ಬಿಟ್ಟು ನಾದದ ಬೆನ್ನು ಹತ್ತಿದವರು

ಐವತ್ತರ ದಶಕದ ನಡುಭಾಗ. ಲಂಡನ್ನಿನ ಬಿಬಿಸಿ ಕಚೇರಿಯಲ್ಲಿ ದಿನದ ಕೆಲಸ ಮುಗಿದು ಸಿಬ್ಬಂದಿಯೆಲ್ಲ ಮನೆಗೆ ಹೋದ ಮೇಲೂ ಒಬ್ಬ ಮಹಿಳೆ ಉಳಿದುಕೊಳ್ಳುತ್ತಿದ್ದರು. ಬೇರೆ ಬೇರೆ ಸ್ಟುಡಿಯೋಗಳಲ್ಲಿದ್ದ ಟೇಪ್ ರೆಕಾರ್ಡರುಗಳನ್ನು ಒಂದೆಡೆಗೆ ತಳ್ಳಿಕೊಂಡು ಬಂದು, ರಾತ್ರಿಯೆಲ್ಲ ಅವುಗಳೊಡನೆ ಹೆಣಗಾಡಿ, ಬೆಳಗಾಗುವ ಮುನ್ನ ಎಲ್ಲವನ್ನೂ ಅವುಗಳ ಜಾಗಕ್ಕೆ ಮುಟ್ಟಿಸುತ್ತಿದ್ದರು. ಅವರೇ ಡಾಫ್ನಿ ಓರಮ್. ಬ್ರಿಟನ್ನಿನಲ್ಲಿ ವಿದ್ಯುನ್ಮಾನ ಸಂಗೀತಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಈ ಹೊಸ ಕಲೆಯೊಂದನ್ನೇ ನಂಬಿ ಹೊಟ್ಟೆ ಹೊರೆಯಲು ಸಾಧ್ಯವೇ ಎಂಬುದನ್ನು ತಮ್ಮ ಬದುಕನ್ನೇ ಪಣಕ್ಕಿಟ್ಟು ಪರೀಕ್ಷಿಸಿದವರೂ ಹೌದು.

ಓರಮ್ ಹುಟ್ಟಿದ್ದು 1925ರಲ್ಲಿ, ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಡಿವೈಜಿಸ್ ಎಂಬ ಊರಿನಲ್ಲಿ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಸೀಟು ಸಿಕ್ಕಿದ್ದರೂ ಅದನ್ನು ಒಲ್ಲದೆ, ಹದಿಹರೆಯದಲ್ಲೇ ಬಿಬಿಸಿಯ ತಾಂತ್ರಿಕ ನೌಕರಿಗೆ ಸೇರಿಕೊಂಡರು. ಆಗ ಎರಡನೇ ಮಹಾಯುದ್ಧದ ಕಾಲ. ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಛೇರಿ ನೇರ ಪ್ರಸಾರವಾಗುವಾಗ ಆಕೆಗೊಂದು ವಿಚಿತ್ರ ಕೆಲಸವಿತ್ತು. ಅದೇ ಕೃತಿಯ ಧ್ವನಿಮುದ್ರಿಕೆಯನ್ನು ವಾದ್ಯವೃಂದಕ್ಕೆ ಸರಿಯಾಗಿ ಹೆಜ್ಜೆ ಹೆಜ್ಜೆಗೂ ಹೊಂದಿಸಿಕೊಂಡು ಕಾಯುತ್ತಿರಬೇಕು. ಶತ್ರುವಿನ ದಾಳಿಯಿಂದ ಕಛೇರಿ ನಿಂತರೂ ಪ್ರಸಾರ ಮಾತ್ರ ನಿಲ್ಲಬಾರದು! ನಿಜವಾದ ವಾದ್ಯವೃಂದ ಮತ್ತು ಮುದ್ರಿತ ನಾದ ಅಕ್ಕಪಕ್ಕ ಓಡುವುದನ್ನು ಹೀಗೆ ಕಂಡವರಿಗೆ ಎರಡನ್ನೂ ಬೆರೆಸುವ ಯೋಚನೆ ಬಂದದ್ದು ಸಹಜವೇ. 1949ರ ಹೊತ್ತಿಗೆ ವಾದ್ಯವೃಂದದ ಜೊತೆ ಗ್ರಾಮಫೋನ್ ತಟ್ಟೆಗಳನ್ನೂ ವಾದ್ಯದಂತೆ ಬಳಸುವ ‘ಸ್ಟಿಲ್ ಪಾಯಿಂಟ್’ ಎಂಬ ಕೃತಿಯನ್ನು ಬರೆದರು. ಬಿಬಿಸಿ ಅದನ್ನು ತಿರಸ್ಕರಿಸಿತು.

ಆ ಕಾಲದಲ್ಲಿ ವಿದ್ಯುನ್ಮಾನ ಸಂಗೀತ ಎಂದರೆ ಏನು ಪಾಡು ಎಂಬುದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಸಿಂಥಸೈಸರ್ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಪ್ರಯೋಗಶಾಲೆಯ ಆಸಿಲೇಟರಿನಿಂದ ಒಂದು ಸ್ವರ ಹೊರಡಿಸಿ ಟೇಪಿನ ಮೇಲೆ ಮುದ್ರಿಸಬೇಕು. ಟೇಪು ಸೆಕೆಂಡಿಗೆ 15 ಅಂಗುಲ ಓಡುತ್ತದೆ ಎಂದಿಟ್ಟುಕೊಂಡರೆ, ಅರ್ಧ ಸೆಕೆಂಡಿನ ಸ್ವರಕ್ಕೆ ಏಳೂವರೆ ಅಂಗುಲದ ತುಂಡು. ಅಷ್ಟನ್ನು ಅಳೆದು, ಬ್ಲೇಡಿನಿಂದ ಕತ್ತರಿಸಿ, ಮುಂದಿನ ಸ್ವರದ ತುಂಡಿಗೆ ಅಂಟಿಸಬೇಕು. ಹೀಗೆ ಸಾವಿರಾರು ಸಲ. ವಾದ್ಯವೃಂದವೊಂದು ಒಂದು ನಿಮಿಷದಲ್ಲಿ ನುಡಿಸಿ ಮುಗಿಸುವುದಕ್ಕೆ ಇಲ್ಲಿ ದಿನಗಟ್ಟಲೆ ದುಡಿಮೆ. ಕೇಳುವವರಿಗೆ ಯಂತ್ರದ ಸಂಗೀತ. ಮಾಡುವವರಿಗೆ ಅಪ್ಪಟ ಕೈಕಸುಬು. ನಿಮಿಷದ ಲೆಕ್ಕದಲ್ಲಿ ಹಣ ಕೊಡುವವರನ್ನು ನೆಚ್ಚಿಕೊಂಡರೆ ಈ ಕಸುಬುದಾರರ ಒಲೆ ಉರಿಯುವಂತಿರಲಿಲ್ಲ.

ಓರಮ್ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 1958ರಲ್ಲಿ ಬಿಬಿಸಿ ತನ್ನ ‘ರೇಡಿಯೋಫೋನಿಕ್ ವರ್ಕ್‌ಶಾಪ್’ ತೆರೆಯಿತು. ಡೆಸ್ಮಂಡ್ ಬ್ರಿಸ್ಕೋ ಜೊತೆ ಅದನ್ನು ಕಟ್ಟಿದವರು ಇವರೇ. ಆದರೆ ಬಿಬಿಸಿಗೆ ಬೇಕಾಗಿದ್ದುದು ನಾಟಕಗಳಿಗೆ ಗಾಳಿ, ಗುಡುಗು, ಭೂತಚೇಷ್ಟೆಯ ಸದ್ದು, ಸ್ವತಂತ್ರ ಸಂಗೀತವಲ್ಲ. ಅದೇ ವರ್ಷ ಓರಮ್ ಬ್ರಸೆಲ್ಸ್‌ನ ವಿಶ್ವ ವಸ್ತುಪ್ರದರ್ಶನಕ್ಕೆ ಹೋಗಿ ಬಂದರು. ಅಲ್ಲಿ ಫಿಲಿಪ್ಸ್ ಕಂಪನಿಯ ಮಂಟಪದಲ್ಲಿ ಎಡ್ಗರ್ ವರೇಸ್ ಅವರ ವಿದ್ಯುನ್ಮಾನ ಕೃತಿ ನೂರಾರು ಧ್ವನಿವರ್ಧಕಗಳಿಂದ ಮೊಳಗುತ್ತಿತ್ತು. 1959ರ ಜನವರಿಯಲ್ಲಿ, ತಾವೇ ಹೋರಾಡಿ ಪಡೆದ ವಿಭಾಗಕ್ಕೆ ವರ್ಷ ತುಂಬುವ ಮೊದಲೇ, ಅವರು ರಾಜೀನಾಮೆ ಕೊಟ್ಟರು.

ನೆಲೆ ಊರಿದ್ದು ಕೆಂಟ್ ಪ್ರಾಂತದ ಹಳ್ಳಿಗಾಡಿನ ‘ಟವರ್ ಫಾಲಿ’ ಎಂಬ ಕಟ್ಟಡದಲ್ಲಿ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಂಬ ಹೂವನ್ನು ಒಣಗಿಸಲು ಕಟ್ಟಿದ್ದ ಹಳೆಯ ಗೂಡನ್ನು ಮನೆಯಾಗಿ ಮಾರ್ಪಡಿಸಿದ್ದರು. ಅಲ್ಲಿಯೇ ಸ್ವಂತ ಸ್ಟುಡಿಯೋ. ತಿಂಗಳ ಸಂಬಳವಿಲ್ಲ, ಕೈಕೆಳಗಿನ ಸಿಬ್ಬಂದಿ ಇಲ್ಲ. ಕೈ ಹಿಡಿದದ್ದು ಜಾಹೀರಾತು. ದೂರದರ್ಶನದ ಜಾಹೀರಾತಿಗೆ ಬೇಕಾದದ್ದು ಕೆಲವೇ ಸೆಕೆಂಡುಗಳ, ಹಿಂದೆಂದೂ ಕೇಳಿರದ ಸದ್ದು; ಮೇಲಾಗಿ ಅದಕ್ಕೆ ಹಣವೂ ಚೆನ್ನಾಗಿ. ತುಂಡು ತುಂಡಾಗಿ ಅಂಟಿಸುವ ಈ ಕಸುಬಿಗೆ ಇದಕ್ಕಿಂತ ಹೊಂದುವ ಗಿರಾಕಿ ಬೇರೆ ಇರಲಿಲ್ಲ. ಲೆಗೋ ಆಟಿಕೆಗಳಿಗೆ, ನೆಸ್‌ಟೀ ಪಾನೀಯಕ್ಕೆ ಓರಮ್ ಸದ್ದು ಕೂಡಿಸಿಕೊಟ್ಟರು. 1961ರ ‘ದಿ ಇನ್ನೊಸೆಂಟ್ಸ್’ ಎಂಬ ದೆವ್ವದ ಕಥೆಯ ಚಿತ್ರದಲ್ಲಿ ಮೈ ನಡುಗಿಸುವ ವಿದ್ಯುನ್ಮಾನ ಧ್ವನಿಗಳು ಅವರವೇ. ಪರದೆಯ ಮೇಲೆ ಹೆಸರು ಬರಲಿಲ್ಲ. ಶಾಲಾ ಮಕ್ಕಳು ಕೇಳಿ ಕುಣಿಯಲೆಂದು 1962ರಲ್ಲಿ ಒಂದು ಧ್ವನಿಮುದ್ರಿಕೆ, ಮಧ್ಯೆ ಮಧ್ಯೆ ನಾಟಕ, ಬ್ಯಾಲೆ, ಉಪನ್ಯಾಸ. ಸಂಸಾರ ಹೇಗೋ ಸಾಗಿತು. ಆದರೆ ಯಾವ ಸಂಗೀತಕ್ಕಾಗಿ ನೌಕರಿ ಬಿಟ್ಟಿದ್ದರೋ ಅದಕ್ಕೆ ಸಿಕ್ಕಿದ್ದು ಗಿರಾಕಿಗಳ ಕೆಲಸ ಮುಗಿದ ಮೇಲೆ ಉಳಿದ ಹೊತ್ತು. ಬಿಬಿಸಿಯಲ್ಲಿದ್ದಾಗಲೂ ಅವರಿಗೆ ದಕ್ಕಿದ್ದು ಅಂಥ ರಾತ್ರಿಗಳೇ ಅಲ್ಲವೇ?

ಅವರ ಕನಸಿನ ಯಂತ್ರದ ಹೆಸರು ‘ಓರಮಿಕ್ಸ್’. 35 ಮಿ.ಮೀ. ಸಿನಿಮಾ ಫಿಲ್ಮಿನ ಹತ್ತು ಪಟ್ಟಿಗಳು ಸಾಲಾಗಿ ಓಡುತ್ತವೆ. ಅವುಗಳ ಮೇಲೆ ಕಲಾವಿದರು ಕಪ್ಪು ಶಾಯಿಯಲ್ಲಿ ಬರೆದ ಗೆರೆ, ಚುಕ್ಕೆಗಳನ್ನು ಬೆಳಕಿನ ಕಿರಣ ಓದಿ ಸ್ವರದ ಎತ್ತರ, ಗಟ್ಟಿತನ, ಕಾಲಾವಧಿಗಳನ್ನು ತೀರ್ಮಾನಿಸುತ್ತದೆ. ಸಂಗೀತವನ್ನು ನುಡಿಸುವ ಬದಲು ಬರೆಯುವುದು! ಇದಕ್ಕಾಗಿ ಗುಲ್ಬೆಂಕಿಯನ್ ಪ್ರತಿಷ್ಠಾನ 1962ರಲ್ಲಿ 3,550 ಪೌಂಡುಗಳನ್ನೂ 1965ರಲ್ಲಿ ಇನ್ನೊಂದು 1,000 ಪೌಂಡನ್ನೂ ಕೊಟ್ಟಿತು. ಯಂತ್ರ ಕೆಲಸವನ್ನೇನೋ ಮಾಡಿತು. ಅಷ್ಟರಲ್ಲಿ ಕಾಲ ಮುಂದೆ ಓಡಿತ್ತು. ಅಮೆರಿಕದಲ್ಲಿ ರಾಬರ್ಟ್ ಮೂಗ್ ಅವರ ಸಿಂಥಸೈಸರ್ ಬಂತು. 1969ರಲ್ಲಿ ಲಂಡನ್ನಿನಲ್ಲೇ ‘ವಿಸಿಎಸ್3’ ಎಂಬ ಪುಟ್ಟ ಸಿಂಥಸೈಸರ್ ಸುಮಾರು 330 ಪೌಂಡಿಗೆ ಸಿಗತೊಡಗಿತು. ಓರಮಿಕ್ಸ್‌ಗೆ ಬಂದ ಮೊದಲ ಅನುದಾನದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಬ್ಲೇಡು ಹಿಡಿದು ದಿನಗಟ್ಟಲೆ ಕೂರುವ ಅಗತ್ಯವೇ ತಪ್ಪಿತು. ಆ ಕೈಚಳಕಕ್ಕೆ ಸಿಗುತ್ತಿದ್ದ ಬೆಲೆಯೂ ತಪ್ಪಿತು.

ಹಾಗಾದರೆ ಸಂಬಳದ ಕೆಲಸದಲ್ಲೇ ಉಳಿದಿದ್ದರೆ? ಅದಕ್ಕೆ ಉತ್ತರ ಡೀಲಿಯಾ ಡರ್ಬಿಷೈರ್ ಅವರ ಬದುಕಿನಲ್ಲಿದೆ. ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದ ಆಕೆಗೆ ಧ್ವನಿಮುದ್ರಿಕೆಯ ಕಂಪನಿಯೊಂದು ಸ್ಟುಡಿಯೋ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲವೆಂದು ಹೇಳಿ ಕಳಿಸಿತ್ತು. 1962ರಲ್ಲಿ ಬಿಬಿಸಿಯ ಅದೇ ವರ್ಕ್‌ಶಾಪ್ ಸೇರಿದರು. ಮರುವರ್ಷ ‘ಡಾಕ್ಟರ್ ಹೂ’ ದೂರದರ್ಶನ ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕೆ ರಾನ್ ಗ್ರೇನರ್ ಬರೆದುಕೊಟ್ಟ ರಾಗವನ್ನು ಟೇಪಿನ ತುಂಡುಗಳಿಂದ ಹೊಸದೇ ಒಂದು ಸೃಷ್ಟಿಯಾಗಿಸಿದರು. ಕೇಳಿ ಬೆರಗಾದ ಗ್ರೇನರ್ ಗೌರವಧನದಲ್ಲಿ ಅರ್ಧ ಪಾಲು ಆಕೆಗೆ ಸಲ್ಲಲಿ ಎಂದರು. ಸಿಬ್ಬಂದಿಗೆ ಹಾಗೆ ಕೊಡಲು ಬಿಬಿಸಿಯ ನಿಯಮ ಒಪ್ಪಲಿಲ್ಲ. ಸಂಬಳ ಬಂತು, ಹೆಸರು ಬರಲಿಲ್ಲ. ಪರದೆಯ ಮೇಲೆ ಕಂಡದ್ದು ಗ್ರೇನರ್ ಹೆಸರು ಮತ್ತು ವರ್ಕ್‌ಶಾಪಿನ ಹೆಸರು. 1973ರಲ್ಲಿ ಆಕೆಯೂ ಬಿಬಿಸಿ ಬಿಟ್ಟರು. ಆಮೇಲೆ ಕೆಲಕಾಲ ಅನಿಲದ ಕೊಳವೆ ಹಾಕುವವರ ಬಳಿ ರೇಡಿಯೋ ಆಪರೇಟರ್ ಆಗಿ ದುಡಿದದ್ದೂ ಉಂಟು. 2001ರಲ್ಲಿ ತೀರಿಕೊಂಡರು. ಧಾರಾವಾಹಿಯ ಪರದೆಯ ಮೇಲೆ ಆಕೆಯ ಹೆಸರು ಮೂಡಿದ್ದು 2013ರಲ್ಲಿ, ಐವತ್ತನೇ ವರ್ಷದ ಸಂಚಿಕೆಯಲ್ಲಿ.

ಓರಮ್ ಎಂಬತ್ತರ ದಶಕದಲ್ಲಿ ಕ್ಯಾಂಟರ್‌ಬರಿಯ ಕಾಲೇಜೊಂದರಲ್ಲಿ ಪಾಠ ಹೇಳಿದರು. 1994ರಲ್ಲಿ ಪಾರ್ಶ್ವವಾಯು ಬಡಿದು ಕೆಲಸ ನಿಂತಿತು. 2003ರ ಜನವರಿಯಲ್ಲಿ ನಿಧನರಾದರು. ಅವರ ಟೇಪು, ಕಾಗದಪತ್ರಗಳು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜನ್ನು ಸೇರಿದವು. ಓರಮಿಕ್ಸ್ ಯಂತ್ರವನ್ನು 2011ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯ ಪ್ರದರ್ಶನಕ್ಕಿಟ್ಟಿತು. ಬಿಬಿಸಿ ತಿರಸ್ಕರಿಸಿದ್ದ ‘ಸ್ಟಿಲ್ ಪಾಯಿಂಟ್’ 2018ರ ಜುಲೈಯಲ್ಲಿ ಬಿಬಿಸಿಯದೇ ಸಂಗೀತೋತ್ಸವದಲ್ಲಿ ವಾದ್ಯವೃಂದ, ಗ್ರಾಮಫೋನ್ ತಟ್ಟೆಗಳ ಸಮೇತ ಮೊಳಗಿತು. ನಡೆದದ್ದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಯುದ್ಧಕಾಲದಲ್ಲಿ ಹದಿಹರೆಯದ ಓರಮ್ ಬಾಂಬಿನ ಭಯದ ನಡುವೆ ತಟ್ಟೆಗಳನ್ನು ಹೊಂದಿಸಿಕೊಂಡು ಕೂರುತ್ತಿದ್ದ ಅದೇ ಸಭಾಂಗಣದಲ್ಲಿ.