ಮ್ಯಾಪ್ ನಂಬಬೇಡಿ ಅಂದ ಮೇಷ್ಟ್ರು

(1/5)
ಜಪಾನಿನ ಈಶಾನ್ಯ ಕರಾವಳಿಯಲ್ಲಿ ಕಮೈಶಿ ಅಂತ ಒಂದು ಊರಿದೆ. ಕಬ್ಬಿಣ, ಮೀನು, ರಗ್ಬಿ ಮೂರಕ್ಕೂ ಹೆಸರುವಾಸಿ. ನಾಲ್ಕನೇದು ಸುನಾಮಿ. 1896ರ ಸುನಾಮಿ ಆ ಕರಾವಳಿಯುದ್ದಕ್ಕೂ ಸುಮಾರು 22,000 ಜನರನ್ನು ಕೊಂದಿತು. 1933ರಲ್ಲಿ ಮತ್ತೆ ಬಂತು. ಅದಕ್ಕೇ ಆ ಕಡೆ 'ತೆಂದೆಂಕೊ' ಅನ್ನೋ ಮಾತಿದೆ: ಸುನಾಮಿ ಬಂದ್ರೆ ಯಾರಿಗೂ ಕಾಯದೆ ಅವರವರೇ ಗುಡ್ಡಕ್ಕೆ ಓಡಿ. ಕೇಳೋಕೆ ಸ್ವಾರ್ಥ ಅನ್ಸುತ್ತೆ ಅಲ್ವಾ? ಮುಂದೆ ಓದಿ.

(2/5)
2000ದ ದಶಕದಲ್ಲಿ ಗುನ್ಮಾ ವಿಶ್ವವಿದ್ಯಾಲಯದ ಪ್ರೊಫೆಸರ್ ತೊಶಿತಾಕಾ ಕತಾದಾ ಈ ಊರಿನ ಶಾಲೆಗಳಲ್ಲಿ ಪಾಠ ಶುರು ಮಾಡಿದರು. ಮಕ್ಕಳಿಗೆ ಕಲಿಸಿದ್ರೆ ಅದು ಮನೆಗೂ ಹೋಗುತ್ತೆ ಅನ್ನೋದು ಅವರ ಲೆಕ್ಕ. ಮನೇಲಿ ಒಬ್ಬರೇ ಇದ್ದಾಗ ಭೂಮಿ ನಡುಗಿದ್ರೆ ಏನ್ ಮಾಡ್ತೀರಿ ಅಂತ ಕೇಳಿದರು. ಅಮ್ಮನಿಗೆ ಫೋನ್ ಮಾಡ್ತೀವಿ, ಅವರು ಬರೋವರೆಗೂ ಕಾಯ್ತೀವಿ ಅಂತ ತುಂಬಾ ಮಕ್ಕಳು ಬರೆದರು. ಆ ಉತ್ತರಾನ ಮನೇಲಿ ತೋರಿಸಿ ಅಂತ ಕಳಿಸಿದರು. ಓದಿದ ಅಪ್ಪ-ಅಮ್ಮಂದಿರಿಗೆ ಹೇಗಾಗಿರಬೇಡ!

ಆಮೇಲೆ ಮಕ್ಕಳು ಮನೆಯಿಂದ ಶಾಲೆಗೆ ಹೋಗೋ ದಾರಿ ನಡೆದು, ಎಲ್ಲಿಂದ ಯಾವ ಎತ್ತರಕ್ಕೆ ಓಡಬಹುದು ಅಂತ ತಾವೇ ಮ್ಯಾಪ್ ಮಾಡಿದರು. ಸರ್ಕಾರಿ ಮ್ಯಾಪೂ ಇತ್ತು. ಅದರ ಪ್ರಕಾರ ಉನೊಸುಮಾಯ್ ಭಾಗದ ಎರಡು ಶಾಲೆಗಳು ನೀರು ಬರೋ ಗೆರೆಯಿಂದ ಆಚೆ, ಅಂದ್ರೆ ಸೇಫ್. ಕತಾದಾ ಮಾತ್ರ ಅದನ್ನ ನಂಬಬೇಡಿ ಅಂದರು. ಗೆರೆ ಎಳೆದಿರೋದು ಹಳೇ ಸುನಾಮಿ ನೋಡಿ. ಮುಂದಿನದು ಅಲ್ಲೇ ನಿಲ್ಲಬೇಕು ಅಂತ ಏನೂ ಇಲ್ಲ.

(3/5)
2011 ಮಾರ್ಚ್ 11, ಮಧ್ಯಾಹ್ನ 2:46. ಭೂಕಂಪ ಆಗ್ತಿದ್ದ ಹಾಗೇ ಉನೊಸುಮಾಯ್‌ನ ಹೈಸ್ಕೂಲು ಮಕ್ಕಳು ಓಡಿದರು. ಪಕ್ಕದ ಪ್ರೈಮರಿ ಶಾಲೆಯವರು ಮೊದಲು ಮೂರನೇ ಮಹಡಿಗೆ ಹತ್ತಿದ್ರು. ದೊಡ್ಡವರು ಓಡೋದು ನೋಡಿ ಇಳಿದು ಹಿಂದೆ ಹೊರಟರು. ಗೊತ್ತುಮಾಡಿದ್ದ ಜಾಗ ಮುಟ್ಟಿದಾಗ ಅಲ್ಲಿನ ಗುಡ್ಡ ಕುಸಿಯುತ್ತಿತ್ತು. ಇನ್ನೂ ಮೇಲಕ್ಕೆ ಹೋದರು. ಅಲ್ಲೂ ನಿಲ್ಲಲಿಲ್ಲ, ಮತ್ತೂ ಮೇಲಕ್ಕೆ. ಹಿಂದೆ ನೀರು ಶಾಲೆಯ ಮೂರನೇ ಮಹಡಿವರೆಗೂ ಏರಿತು. ಕಮೈಶಿಯಲ್ಲಿ ಅವತ್ತು ಸತ್ತವರು, ಕಾಣೆಯಾದವರು ಸೇರಿ ಸಾವಿರಕ್ಕೂ ಹೆಚ್ಚು. ಆದ್ರೆ ಊರಿನ ಸುಮಾರು 3,000 ಶಾಲಾ ಮಕ್ಕಳಲ್ಲಿ ಐವರನ್ನು ಬಿಟ್ಟು ಎಲ್ಲರೂ ಉಳಿದರು.

ಪೇಪರಿನವರು 'ಕಮೈಶಿಯ ಪವಾಡ' ಅಂದರು. ರೀಲ್ಸ್‌ಗಳು ಕಥೆಯನ್ನ ಇಲ್ಲಿಗೇ ಮುಗಿಸ್ತವೆ.

(4/5)
ಅದೇ ಉನೊಸುಮಾಯ್‌ನಲ್ಲಿ, ಸಮುದ್ರಕ್ಕೆ ಹತ್ತಿರ, ಆಗಷ್ಟೇ 2010ರಲ್ಲಿ ತೆರೆದ 'ವಿಪತ್ತು ತಡೆ ಕೇಂದ್ರ' ಅನ್ನೋ ಕಟ್ಟಡ ಇತ್ತು. ಸುನಾಮಿ ಬಂದಾಗ ಓಡಬೇಕಾದ ಜಾಗ ಅದಾಗಿರಲೇ ಇಲ್ಲ. ಆ ಜಾಗಗಳಿದ್ದದ್ದು ಗುಡ್ಡದ ಮೇಲೆ. ಆದ್ರೆ ವಯಸ್ಸಾದವರಿಗೆ ಗುಡ್ಡ ಹತ್ತೋದು ಕಷ್ಟ, ಹತ್ತಿರ ಇದ್ರೆ ಜನ ಡ್ರಿಲ್‌ಗೆ ಬರ್ತಾರೆ ಅಂತ ಅಣಕು ಅಭ್ಯಾಸ ಇಲ್ಲೇ ನಡೀತಿತ್ತು. ಸುನಾಮಿಗೆ ಕೆಲವೇ ದಿನ ಮೊದಲೂ ನಡೆದಿತ್ತು. ಮಾರ್ಚ್ 11ರಂದು ಜನ ಕಲಿತ ಹಾಗೇ ಮಾಡಿದರು, ಅಲ್ಲಿಗೇ ಹೋದರು. ಅಲ್ಲಿ 160ಕ್ಕೂ ಹೆಚ್ಚು ಜನ ಸತ್ತರು ಅಂತ ಅಂದಾಜು.

ಅವರಿಗೆ ತರಬೇತಿ ಇರಲಿಲ್ಲ ಅನ್ನೋ ಹಾಗಿಲ್ಲ. ಇತ್ತು. ನನಗೆ ಇಡೀ ಕಥೆಯಲ್ಲಿ ಅತಿ ಹೆಚ್ಚು ಕಾಡೋದು ಇದೇ. ಮನೆಯವರನ್ನ ಕಳ್ಕೊಂಡವರ ಮುಂದೆ 'ಪವಾಡ' ಅನ್ನೋದು ಹೇಗೆ? ಕೊನೆಗೆ ನಗರಾಡಳಿತವೇ ಆ ಪದ ಬಿಟ್ಟು 'ಕಮೈಶಿಯ ಘಟನೆ' ಅನ್ನೋಕೆ ಶುರುಮಾಡ್ತು.

(5/5)
ಇದು ನಮಗ್ಯಾಕೆ ಅಂತೀರಾ? 2004ರ ಸುನಾಮಿ ಕಂಡ ದೇಶ ನಮ್ಮದು. 2020ರಲ್ಲಿ ಒಡಿಶಾದ ವೆಂಕಟರಾಯಪುರ, ನೋಲಿಯಾಸಾಹಿ ಹಳ್ಳಿಗಳಿಗೆ ಯುನೆಸ್ಕೋದ 'ಸುನಾಮಿ ರೆಡಿ' ಮಾನ್ಯತೆ ಸಿಕ್ತು. ಹಿಂದೂ ಮಹಾಸಾಗರದ ಸುತ್ತ ಇಂಥ ಮಾನ್ಯತೆ ಸಿಕ್ಕ ಮೊದಲ ಊರುಗಳು ಇವೇ. ಊರಿನ ಜನರೇ ಸೇರಿ ಓಡೋ ದಾರಿಯ ಮ್ಯಾಪ್ ಮಾಡಬೇಕು, ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು, ಡ್ರಿಲ್ ನಡೆಸಬೇಕು ಅನ್ನೋದು ಅದರ ಷರತ್ತುಗಳಲ್ಲಿ ಸೇರಿದೆ. ಆ ಹಳ್ಳಿಗಳ ಸುದ್ದಿ ಓದುವಾಗ ಫೋಟೋದಲ್ಲಿ ಬೋರ್ಡ್ ಎಷ್ಟು ಚೆನ್ನಾಗಿದೆ ಅಂತ ನಾನು ನೋಡಲ್ಲ. ಬಾಣದ ಗುರುತು ಹಿಡಿದು ನಡೆದ ಅಜ್ಜ-ಅಜ್ಜಿಯರು ಕೊನೆಗೆ ಎಲ್ಲಿ ನಿಂತಿದಾರೆ, ಆ ಜಾಗ ಎಷ್ಟು ಎತ್ತರದಲ್ಲಿದೆ ಅಂತ ಹುಡುಕ್ತೀನಿ.